ಮೋಟಾರ್ ಸುಡಲು ಕೇಬಲ್ ಕೂಡ ಕಾರಣ

ಮಾನ್ಯರೇ,

ನಾಗಮಂಗಲ, ಮಳವಳ್ಳಿ ಕಡೆ ಕೊಳವೆಬಾವಿಯ ಮೋಟಾರ್ ಸುಟ್ಟರೆ ಎಲ್ಲರೂ ಬೈಯುವುದು ಲೋ ವೋಲ್ಟೇಜನ್ನು. ಅದು ಸುಳ್ಳೇನಲ್ಲ. ಆದರೆ ಸ್ಟಾರ್ಟರ್‌ವರೆಗೆ ಬಂದ ವೋಲ್ಟೇಜಿನಲ್ಲೂ ಒಂದು ಪಾಲನ್ನು ನಾವೇ ಕೊಂಡು ಇಳಿಸಿದ ಕೇಬಲ್ ನುಂಗಿರುತ್ತದೆ.

ತಂತಿ ಉದ್ದವಾದಷ್ಟೂ ರೋಧ, ಅಂದರೆ ಕರೆಂಟ್ ಹರಿಯಲು ಇರುವ ತಡೆ, ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಅಂಗಡಿಯಲ್ಲಿ ಮಾತ್ರ ಕೇಳುವುದು ‘ಎಷ್ಟು ಎಚ್‌ಪಿ?’ ಎಂದಷ್ಟೇ. 5 ಎಚ್‌ಪಿ ತ್ರೀ ಫೇಸ್ ಮೋಟಾರ್ 700 ಅಡಿ ಆಳದಲ್ಲಿದೆ, ಸ್ಟಾರ್ಟರ್ ಬಾವಿಯಿಂದ 300 ಅಡಿ ದೂರದಲ್ಲಿದೆ ಎನ್ನಿ. ಸಾವಿರ ಅಡಿಯ 2.5 ಚದರ ಮಿ.ಮೀ. ತಾಮ್ರದ ಕೇಬಲ್‌ನಲ್ಲಿ ಒಳಗಿನ ಒಂದೊಂದು ತಂತಿಗೆ, ಅಂದರೆ ಕೋರ್‌ಗೆ ಸುಮಾರು 2.3 ಓಮ್ ರೋಧ. 10 ಆಂಪ್ ಹರಿದರೆ ಫೇಸ್‌ಗಳ ನಡುವಿನ ವೋಲ್ಟೇಜಿನಲ್ಲಿ 30 ವೋಲ್ಟ್‌ಗೂ ಮಿಕ್ಕಿ ದಾರಿಯಲ್ಲೇ ಹೋಯಿತು, ಮೂರೂ ಕೋರ್ ಸೇರಿ ಸುಮಾರು 700 ವಾಟ್ ಕೇಬಲ್ ಬಿಸಿ ಮಾಡಲು ಖರ್ಚಾಯಿತು. ಅಲ್ಲೇ 6 ಚದರ ಮಿ.ಮೀ. ಹಾಕಿದ್ದರೆ ನಷ್ಟ 13 ವೋಲ್ಟ್ ಆಸುಪಾಸು. ಸ್ಟಾರ್ಟಿಂಗ್‌ನಲ್ಲಿ ಕರೆಂಟ್ ಐದಾರು ಪಟ್ಟು ಎಳೆಯುವುದರಿಂದ ಪೆಟ್ಟು ಇನ್ನೂ ಜೋರು. ವೋಲ್ಟೇಜ್ ಶೇ 10 ಇಳಿದರೆ ತಿರುಗಿಸುವ ಬಲ ಶೇ 19 ಇಳಿಯುತ್ತದೆ. ಮೋಟಾರ್ ಏಳಲಾರದೆ ಗುಂಯ್‌ಗುಡುತ್ತಾ ಅದರೊಳಗಿನ ತಂತಿಯ ಸುತ್ತು (ವೈಂಡಿಂಗ್) ಬಿಸಿಯಾಗುತ್ತದೆ. ಆಗ ಟ್ರಿಪ್ ಆಗುತ್ತದೆಂದು, ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯ ಮಿತಿಯನ್ನೇ ಮೇಲಕ್ಕೆ ತಿರುಗಿಸುವವರಿದ್ದಾರೆ. ರಿವೈಂಡಿಂಗ್ ಅಂಗಡಿಗೆ ಅದಕ್ಕಿಂತ ನೇರ ದಾರಿ ಬೇರಿಲ್ಲ.

ಇನ್ನು ಗಾತ್ರದ ಮೋಸ. ಕೇಬಲ್ ಹೊರಗಿನಿಂದ ದಪ್ಪ ಕಂಡರೆ ಸಾಲದು, ಅದು ಬರೀ ಪಿವಿಸಿ ಇರಬಹುದು. ತುದಿ ಸುಲಿದು ಎಳೆ ಎಣಿಸಿ: 4 ಚದರ ಮಿ.ಮೀ.ಗೆ ಸಾಮಾನ್ಯವಾಗಿ 0.3 ಮಿ.ಮೀ. ವ್ಯಾಸದ 56 ಎಳೆ. ಎಣಿಕೆ ಸರಿಯಿದ್ದೂ ಎಳೆ 0.25 ಮಿ.ಮೀ. ಇದ್ದರೆ ಕೈಗೆ ಸಿಕ್ಕಿದ್ದು 2.75 ಚದರ ಮಿ.ಮೀ. ಮಾತ್ರ, ಏಕೆಂದರೆ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಈ ವ್ಯತ್ಯಾಸ ಕಣ್ಣಿಗೆ ತಿಳಿಯದು. ಅಳೆಯಲು ಮೈಕ್ರೋಮೀಟರ್ ಬೇಕು, ಲೇತ್ ಅಂಗಡಿಯಲ್ಲಿ ಸಿಗುತ್ತದೆ. ಅಲ್ಯೂಮಿನಿಯಂ ಕೇಬಲ್ ಆದರೆ ಅಷ್ಟೇ ರೋಧಕ್ಕೆ ತಾಮ್ರದ ಸುಮಾರು 1.6 ಪಟ್ಟು ಗಾತ್ರ ಬೇಕು.

ಜಿಲ್ಲೆಯ ವ್ಯಾಪಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಬಿಲ್‌ನಲ್ಲಿ ‘ಕೇಬಲ್ 1 ರೋಲ್’ ಎಂದು ಗೀಚದೆ ಚದರ ಮಿ.ಮೀ., ಎಳೆಗಳ ಲೆಕ್ಕ, ಉದ್ದ ಬರೆದುಕೊಡಿ. ರೈತರು ಕೇಬಲ್ ಮೇಲೆ ಐಎಸ್ 694 (ಪಿವಿಸಿ ಕೇಬಲ್‌ನ ಭಾರತೀಯ ಮಾನಕ) ಹಾಗೂ ಐಎಸ್‌ಐ ಗುರುತು ನೋಡಿಯೇ ಹಣ ಕೊಡಲಿ. ಮಿಕ್ಕ ಕೇಬಲನ್ನು ಸ್ಟಾರ್ಟರ್ ಪಕ್ಕ ಸುರುಳಿ ಸುತ್ತಿ ನೇತುಹಾಕದೆ ಕತ್ತರಿಸಿಡಲಿ. ಆ ಉದ್ದವೂ ರೋಧಕ್ಕೆ ಸೇರುತ್ತದೆ, ಸುರುಳಿಯೊಳಗಿನ ಬಿಸಿಗೆ ಇನ್ಸುಲೇಷನ್ ಬೇಗ ಹಾಳಾಗುತ್ತದೆ.

– ಪಂಪ್‌ಸೆಟ್ ದುರಸ್ತಿಗಾರರು, ಮಂಡ್ಯ