ಹೆಲಿಕಾಪ್ಟರ್ ಕಾರ್ಖಾನೆ ಬಂತು, ಪ್ಲೇಟಿಂಗ್ ಎಲ್ಲಿ?

ಮಾನ್ಯ ಸಂಪಾದಕರೇ,

ತುಮಕೂರಿಗೆ ಉದ್ಯಮ ತರುವ ಮಾತು ಬಂದಾಗಲೆಲ್ಲ ಎಕರೆ, ಕೋಟಿಗಳ ಲೆಕ್ಕವೇ ಮುಂದಾಗುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ತುಮಕೂರು ಭಾಗಕ್ಕೆ ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲೇ ₹1,701 ಕೋಟಿ ಅಂದಾಜಿಗೆ ಒಪ್ಪಿಗೆ ಕೊಟ್ಟಿತು. ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಇದೆ, ಜಪಾನಿ ಕಂಪನಿಗಳ ಟೌನ್‌ಶಿಪ್‌ಗೆ ಜಾಗ ಗುರುತಾಗಿದೆ. ಇವೆಲ್ಲ ಬೇಕಾದದ್ದೇ. ಆದರೆ ದೊಡ್ಡ ಕಾರ್ಖಾನೆ ತನ್ನ ಬಿಡಿಭಾಗಗಳನ್ನೆಲ್ಲ ತಾನೇ ಮಾಡಿಕೊಳ್ಳುವುದಿಲ್ಲ. ಅವನ್ನು ಮಾಡಿಕೊಡುವ ಸಣ್ಣ ಘಟಕದವರು ಊರು ಆರಿಸುವಾಗ ಜಮೀನಿನ ದರ ಕೇಳುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: ‘ಹತ್ತಿರದಲ್ಲಿ ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಮಾಡಿಕೊಡುವವರು ಯಾರಿದ್ದಾರೆ?’ ಹೀಟ್ ಟ್ರೀಟ್‌ಮೆಂಟ್ ಎಂದರೆ ಉಕ್ಕನ್ನು ಕಾಯಿಸಿ, ತಣಿಸಿ ಗಡಸು ಮಾಡುವುದು; ಪ್ಲೇಟಿಂಗ್ ಎಂದರೆ ಅದರ ಮೇಲೆ ಬೇರೆ ಲೋಹದ ತೆಳು ಲೇಪ ಕೊಡುವುದು.

ಒಂದು ಉಕ್ಕಿನ ಪಿನ್ನಿನ ದಾರಿ ನೋಡಿ. ಲೇತ್‌ನಲ್ಲಿ ತಿರುವಿದ ಮೇಲೆ ಹೀಟ್ ಟ್ರೀಟ್‌ಮೆಂಟ್, ಆಮೇಲೆ ಗ್ರೈಂಡಿಂಗ್, ಆಮೇಲೆ ಜಿಂಕ್ ಪ್ಲೇಟಿಂಗ್, ಕೊನೆಗೆ ತಪಾಸಣೆ. ಬೆಂಗಳೂರಿನ ಪೀಣ್ಯದಲ್ಲಿ ಇವೆಲ್ಲ ಎರಡು-ಮೂರು ಕಿಲೋಮೀಟರ್ ಒಳಗೇ ಸಿಗುತ್ತವೆ, ಲಗೇಜ್ ಆಟೊ ಸಾಕು. ವಸಂತನರಸಾಪುರದಿಂದ ಅದೇ ಕೆಲಸಕ್ಕೆ ಪೀಣ್ಯಕ್ಕೆ ಕಳುಹಿಸಬೇಕಾದರೆ ಹೋಗಿ ಬರಲು ಸುಮಾರು 150 ಕಿ.ಮೀ. ಅದೂ ಒಂದೇ ಪಿನ್ನಿಗೆ ಎರಡು ಸಲ: ಹೀಟ್ ಟ್ರೀಟ್‌ಮೆಂಟಿಗೆ ಒಮ್ಮೆ, ಪ್ಲೇಟಿಂಗ್‌ಗೆ ಇನ್ನೊಮ್ಮೆ. 200 ಕೆ.ಜಿ. ಒಯ್ದರೂ 700 ಕೆ.ಜಿ. ಒಯ್ದರೂ ಟಾಟಾ ಏಸ್ ಬಾಡಿಗೆ ಒಂದೇ. ಹೀಗಾಗಿ ಗಾಡಿ ತುಂಬುವವರೆಗೆ ಮಾಲನ್ನು ಇಟ್ಟುಕೊಂಡು ಕಾಯುತ್ತಾರೆ, ಡೆಲಿವರಿ ದಿನ ತಪ್ಪುತ್ತದೆ. ಶೆಡ್ ಬಾಡಿಗೆಯಲ್ಲಿ ಉಳಿದದ್ದು ಡೀಸೆಲ್ಲಿಗೆ ಹೋಗುತ್ತದೆ.

ದೂರದಿಂದ ಹಣ ಮಾತ್ರವಲ್ಲ, ಮಾಲೂ ಕೆಡಬಹುದು. ಪ್ಲೇಟಿಂಗ್ ಟ್ಯಾಂಕಿನಲ್ಲಿ ಉಕ್ಕು ಹೈಡ್ರೋಜನ್ ಹೀರುತ್ತದೆ, ಅದರಿಂದ ಗಡಸು ಉಕ್ಕು ಪೆಡಸಾಗಿ ಒಡೆಯಬಹುದು. ಗಡಸು ಉಕ್ಕಿನ ಬೋಲ್ಟನ್ನು ಪ್ಲೇಟಿಂಗ್ ಆದ ನಾಲ್ಕು ಗಂಟೆಯೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಒಲೆಗೆ ಹಾಕಿ, ಹಲವು ಗಂಟೆ ಕಾಯಿಸಿ, ಆ ಹೈಡ್ರೋಜನ್ ಹೊರಡಿಸಬೇಕು. ತಡವಾದರೆ ಬೋಲ್ಟ್ ಹೊರಗಿನಿಂದ ಥಳಥಳ ಹೊಳೆಯುತ್ತಲೇ ಇರುತ್ತದೆ. ಬಿಗಿದ ಒಂದೆರಡು ದಿನಕ್ಕೆ ತಲೆ ಕಳಚಿ ಬೀಳಬಹುದು. ಪ್ಲೇಟಿಂಗ್ ಅಲ್ಲಿ, ಒಲೆ ಇಲ್ಲಿ ಎಂದಾದರೆ ಆ ನಾಲ್ಕು ಗಂಟೆಯಲ್ಲಿ ಎಷ್ಟು ನೆಲಮಂಗಲದ ಟ್ರಾಫಿಕ್‌ನಲ್ಲಿ ಕಳೆಯುತ್ತದೆ ಎಂದು ಆ ದಾರಿಯಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ.

ಹಾಗಾದರೆ ಇಲ್ಲೇ ಯಾರಾದರೂ ಪ್ಲೇಟಿಂಗ್ ಶುರು ಮಾಡಬಾರದೇ? ಮಾಡುವುದು ಕಷ್ಟ. ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಅದು ಕೆಂಪು ವರ್ಗದ, ಎಂದರೆ ಹೆಚ್ಚು ಮಾಲಿನ್ಯ ಮಾಡುವ ಉದ್ಯಮ, ಆಗಿರುವುದು ಸರಿಯೂ ಹೌದು. ನಾಲ್ಕು ಟ್ಯಾಂಕ್ ಇಟ್ಟುಕೊಂಡ ಸಣ್ಣವರಿಗೆ ತಮ್ಮದೇ ತ್ಯಾಜ್ಯನೀರು ಸಂಸ್ಕರಣಾ ಘಟಕ ಕಟ್ಟಿ, ಕೆಮಿಸ್ಟ್ ಒಬ್ಬರನ್ನು ಇಟ್ಟುಕೊಂಡು ನಡೆಸುವುದು ಗಿಟ್ಟುವುದಿಲ್ಲ. ಅದಕ್ಕೇ ಬೇಕಿರುವುದು ಎಲ್ಲರಿಗೂ ಸೇರಿದ ಸಾಮೂಹಿಕ ತ್ಯಾಜ್ಯನೀರು ಸಂಸ್ಕರಣಾ ಘಟಕ. ಕೇಂದ್ರದ ಸಣ್ಣ ಉದ್ಯಮ ಕ್ಲಸ್ಟರ್ ಯೋಜನೆಯಲ್ಲಿ ಇಂಥ ಸಾಮಾನ್ಯ ಸೌಲಭ್ಯಗಳಿಗೆ ಅನುದಾನವಿದೆ.

ಆದರೆ ಕಟ್ಟುವಾಗ ಒಂದು ತಪ್ಪು ಮಾಡಲೇಬಾರದು: ಎಲ್ಲ ಶೆಡ್‌ಗಳ ನೀರನ್ನು ಒಂದೇ ಪೈಪಿಗೆ ಬಿಡುವುದು. ಪ್ಲೇಟಿಂಗ್ ನೀರು ಮೂರು ಬಗೆ. ಕ್ರೋಮಿಯಂ ಇರುವುದು, ಸೈನೈಡ್ ಇರುವುದು, ಬರೀ ಆಮ್ಲ-ಕ್ಷಾರದ್ದು. ಸೈನೈಡ್ ನೀರಿಗೆ ಆಮ್ಲ ಸೇರಿದರೆ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ, ಮ್ಯಾನ್‌ಹೋಲ್ ತೆರೆದ ಕಾರ್ಮಿಕ ಉಳಿಯುವುದಿಲ್ಲ. ಕ್ರೋಮಿಯಂ ನೀರನ್ನು ಪಿಎಚ್ (ಆಮ್ಲ-ಕ್ಷಾರದ ಅಳತೆ) 2-3ಕ್ಕೆ ಇಳಿಸಿ, ಸೋಡಿಯಂ ಬೈಸಲ್ಫೈಟ್ ಹಾಕಿ, ವಿಷಕಾರಿಯಾದ ಆರು-ವೇಲೆನ್ಸಿ ರೂಪದಿಂದ ಮೂರಕ್ಕೆ ತಂದು, ಬಳಿಕ ಸುಣ್ಣದಿಂದ ಪಿಎಚ್ 8-9ಕ್ಕೆ ಏರಿಸಿದರೆ ಅದು ಕೆಸರಾಗಿ ಕೂರುತ್ತದೆ. ಸೈನೈಡ್‌ಗೆ ಇದರ ತಿರುವುಮುರುವು: ಕ್ಷಾರದಲ್ಲಿಟ್ಟೇ ಕ್ಲೋರಿನ್‌ನಿಂದ ಒಡೆಯಬೇಕು. ಬೆರೆತ ಮೇಲೆ ಎರಡನ್ನೂ ಸರಿಯಾಗಿ ಮಾಡಲಾಗದು. ಆದ್ದರಿಂದ ಮೂರು ಪೈಪು, ಮೂರು ಬಣ್ಣ, ಪ್ರತಿ ಶೆಡ್‌ಗೂ ಬೇರೆ ಬೇರೆ ಮೀಟರ್. ಸೈನೈಡ್ ಇಲ್ಲದ ಜಿಂಕ್ ಟ್ಯಾಂಕಿಗೇ ಅನುಮತಿ ಎಂದು ಷರತ್ತು ಹಾಕಿದರೆ ಸೈನೈಡ್ ಪೈಪೇ ಬೇಕಾಗುವುದಿಲ್ಲ. ನಮ್ಮ ಮತ ಅದಕ್ಕೇ. ಕೆಸರು ಒಯ್ಯುವ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ನೆಲೆ ಇದೇ ಹೆದ್ದಾರಿಯ ದಾಬಸ್‌ಪೇಟೆಯಲ್ಲಿದೆ. ಈ ಅನುಕೂಲ ಎಲ್ಲ ಊರಿಗೂ ಇಲ್ಲ.

ನೀರಿನ ಮಾತೂ ಇಲ್ಲೇ ಬರುತ್ತದೆ. ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿ ನೀರು ನಗರಕ್ಕೇ ಬೇಕು. ಪ್ಲೇಟಿಂಗ್‌ಗೆ ನಗರದ ಒಳಚರಂಡಿ ನೀರನ್ನು ಸಂಸ್ಕರಿಸಿ, ಆರ್‌ಒ ಹಾಯಿಸಿ ಕೊಡಬಹುದು. ಪ್ಲೇಟಿಂಗ್ ಆದ ಮಾಲನ್ನು ಒಂದೇ ತೊಟ್ಟಿಗೆ ನಲ್ಲಿ ಬಿಟ್ಟು ತೊಳೆಯುವ ಬದಲು, ಮೂರು ತೊಟ್ಟಿಗಳ ಸಾಲಿನಲ್ಲಿ ಮಾಲು ಮುಂದೆ, ನೀರು ಹಿಂದೆ ಹರಿಯುವಂತೆ ಮಾಡಿದರೆ ಬಳಕೆ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆಯಾಗುತ್ತದೆ.

ಇನ್ನು ಜಾಗ. ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವರಿಗೆ 3,000 ಚದರಡಿ ಶೆಡ್ ಧಾರಾಳ. ಹತ್ತು ಗುಂಟೆ ಎಂದರೆ 10,890 ಚದರಡಿ, ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಬಿಟ್ಟರೂ ಅವರಿಗೆ ಹೆಚ್ಚೇ. ಅರ್ಧ ಎಕರೆ, ಒಂದು ಎಕರೆ ನಿವೇಶನ ಕೊಟ್ಟರೆ ಬಂಡವಾಳವೆಲ್ಲ ನೆಲಕ್ಕೆ ಹೋಗಿ ಯಂತ್ರಕ್ಕೆ ಉಳಿಯುವುದಿಲ್ಲ. ನಿವೇಶನ ಪಡೆದು ಬೇಲಿ ಹಾಕಿ ಸುಮ್ಮನಿರುವವರೆಲ್ಲ ರಿಯಲ್ ಎಸ್ಟೇಟಿನವರೇ ಎಂದುಕೊಳ್ಳಬೇಡಿ, ಕೆಲವರಲ್ಲಿ ಕಟ್ಟಲು ದುಡ್ಡೇ ಉಳಿದಿರುವುದಿಲ್ಲ. ರಾಜ್ಯದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ (ಕೆಎಸ್‌ಎಸ್‌ಐಡಿಸಿ) ಹಿಂದಿನಿಂದ ಕಟ್ಟಿಕೊಂಡು ಬಂದಿರುವಂಥ ಸಿದ್ಧ ಶೆಡ್ ಕಟ್ಟಿ ಬಾಡಿಗೆಗೆ ಕೊಡುವುದು ವಾಸಿ.

ವಿದ್ಯುತ್ತಿನಲ್ಲಿ ನೋಡಬೇಕಾದದ್ದು ಎಷ್ಟು ಹೊತ್ತು ಹೋಯಿತು ಎಂಬುದಕ್ಕಿಂತ ಎಷ್ಟು ಸಲ ಹೋಯಿತು ಎಂಬುದು. ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರದ ಬ್ಯಾರಲ್‌ನಲ್ಲಿ 220 ಡಿಗ್ರಿಯಲ್ಲಿ ಕರಗಿದ ಮಾಲು ಇರುತ್ತದೆ. ಹತ್ತು ನಿಮಿಷ ಕರೆಂಟ್ ಹೋಗಿ ಬಂದರೂ ಹೀಟರ್ ಮತ್ತೆ ಕಾಯಬೇಕು, ಸೀದ ಮಾಲನ್ನು ಹೊರಗೆ ಉಗುಳಿಸಬೇಕು, ಮೊದಲ ಹಲವು ಪೀಸ್ ತಿರಸ್ಕರಿಸಬೇಕು. ಹತ್ತು ನಿಮಿಷಕ್ಕೆ ಒಂದು ಗಂಟೆ ಹಾಳು. ಜನರೇಟರ್ ಲೀಟರಿಗೆ ಮೂರು-ಮೂರೂವರೆ ಯೂನಿಟ್ ಕೊಡುತ್ತದೆ, ಲೀಟರಿಗೆ ₹90 ಹಿಡಿದರೂ ಯೂನಿಟ್ಟಿಗೆ ₹26ರಿಂದ ₹30 ಡೀಸೆಲ್ಲಿಗೇ ಆಯಿತು. ಕೈಗಾರಿಕೆಯ 11 ಕೆ.ವಿ. ಫೀಡರ್‌ಗೆ (ವಿದ್ಯುತ್ ಮಾರ್ಗಕ್ಕೆ) ಪಂಪ್‌ಸೆಟ್ ಲೋಡ್ ಬೆರೆಸಬಾರದು. ಪ್ರತಿ ಫೀಡರ್‌ನ ಟ್ರಿಪ್ಪಿಂಗ್ ಲೆಕ್ಕವನ್ನು ಬೆಸ್ಕಾಂ ತಿಂಗಳಿಗೊಮ್ಮೆ ಪ್ರಕಟಿಸಲಿ, ಬಂಡವಾಳ ಹೂಡಲು ಬರುವವರು ಬಣ್ಣದ ಬ್ರೋಷರ್‌ಗಿಂತ ಅದನ್ನೇ ಓದುತ್ತಾರೆ. ಹಾಗೆಯೇ, ಎರಡನೇ ಪಾಳಿ ಬಿಡುವ ಹೊತ್ತಿಗೆ ನಗರಕ್ಕೆ ಬಸ್ ಇರಲಿ.

₹15 ಕೋಟಿವರೆಗಿನ ಯೋಜನೆಗಳಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯೇ ಒಪ್ಪಿಗೆ ಕೊಡಬಹುದು. ಪ್ಲೇಟಿಂಗ್ ಕ್ಲಸ್ಟರ್‌ಗೆ ಐದಾರು ಎಕರೆಯನ್ನು ಆ ಸಮಿತಿ ಮತ್ತು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಸೇರಿ ಮುಂದಿನ ಬಡಾವಣೆ ನಕ್ಷೆಯಲ್ಲೇ ಗುರುತಿಸಲಿ. ಪೈಪುಗಳ ಗೆರೆಯನ್ನು ಡಾಂಬರು ಬೀಳುವ ಮೊದಲೇ ಎಳೆಯಬೇಕು. ರಸ್ತೆ ಆದ ಮೇಲೆ ಎರಡು-ಮೂರು ಪೈಪಿಗೆ ಅಗೆಯಲು ಹೊರಟರೆ ಕೊನೆಗೆ ಹೂಳುವುದು ಒಂದೇ ಪೈಪು.

– ಸಣ್ಣ ಕೈಗಾರಿಕಾ ಘಟಕಗಳ ಕೆಲವು ಎಂಜಿನಿಯರುಗಳು, ತುಮಕೂರು