ಕೆಲಸವೇ ಇಲ್ಲ ಎಂದ ನಮ್ಮ ಕೂಸಿಗೆ

ಅಂಕೋಲಾ

ಪ್ರೀತಿಯ ಕೂಸಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು "ಎಲ್ಲಾ ಕಡೆ ರಿಸೆಷನ್ ದೊಡ್ಡಪ್ಪ, ಕೆಲಸವೇ ಇಲ್ಲ, ಅರ್ಜಿ ಹಾಕಿ ಏನು ಪ್ರಯೋಜನ" ಅಂದೆ. ಅದೇ ಸಂಜೆ ನಿನ್ನ ಅಪ್ಪ ಶಿರಸಿಯಿಂದ ಫೋನ್ ಮಾಡಿ "ಹುಡುಕುವವರಿಗೆ ಯಾವ ಕಾಲದಲ್ಲೂ ಕೆಲಸ ಸಿಗುತ್ತದೆ, ಇವಳಿಗೆ ಮನಸ್ಸಿಲ್ಲ ಅಷ್ಟೇ" ಅಂದ. ನನಗೆ ಇಬ್ಬರ ಮಾತೂ ಒಪ್ಪಿಗೆಯಿಲ್ಲ. ಅವನಿಗೆ ಎದುರಿಗೆ ಸಿಕ್ಕಾಗ ಹೇಳುತ್ತೇನೆ. ನಿನಗೆ ಮಾತ್ರ ಬರೆದೇ ಹೇಳಬೇಕು ಅನ್ನಿಸಿತು, ಯಾಕಂದ್ರೆ ಫೋನಿನಲ್ಲಿ ನೀನು ಅರ್ಧಕ್ಕೇ "ಆಯ್ತು ದೊಡ್ಡಪ್ಪ" ಅಂತ ಇಟ್ಟುಬಿಡ್ತೀಯ.

ಮೊದಲು ನಿನ್ನ ಮಾತಿನಲ್ಲಿ ನಿಜ ಎಷ್ಟಿದೆ ನೋಡೋಣ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತಲ್ಲ, ಅದಾಗಿ ಒಂದು ವರ್ಷಕ್ಕೆ, 2009ರ ಅಕ್ಟೋಬರ್ ಹೊತ್ತಿಗೆ ಅಲ್ಲಿನ ನಿರುದ್ಯೋಗ ಶೇ 10 ಮುಟ್ಟಿತು. ಸುಮಾರು ಒಂದೂವರೆ ಕೋಟಿ ಜನ ಕೆಲಸ ಹುಡುಕುತ್ತಿದ್ದರು. ಖಾಲಿ ಇದ್ದ ಹುದ್ದೆ 25 ಲಕ್ಷದ ಆಸುಪಾಸು. ಅಂದರೆ ಒಂದು ಹುದ್ದೆಗೆ ಆರು ಜನ. ಅದಕ್ಕಿಂತ ಮುಂಚೆ, ಒಳ್ಳೆಯ ದಿನಗಳಲ್ಲಿ, ಒಂದು ಹುದ್ದೆಗೆ ಇಬ್ಬರೂ ಇರಲಿಲ್ಲ. ಹಾಗಾಗಿ ಕಷ್ಟ ಅನ್ನೋದು ನಿನ್ನ ಕಲ್ಪನೆ ಅಲ್ಲ. ನಿನ್ನ ಅಪ್ಪನ ಕಾಲದಲ್ಲಿ ಮೂರು ಅರ್ಜಿಗೆ ಆಗುತ್ತಿದ್ದ ಕೆಲಸಕ್ಕೆ ನೀನು ಮೂವತ್ತು ಹಾಕಬೇಕಾಗಬಹುದು, ಅದರಲ್ಲಿ ನಿನ್ನ ತಪ್ಪು ಏನೂ ಇಲ್ಲ.

ಆದರೆ ಅದೇ ಕೆಟ್ಟ ವರ್ಷದಲ್ಲೂ ಆ ದೇಶದಲ್ಲಿ ಪ್ರತಿ ತಿಂಗಳು 35 ಲಕ್ಷಕ್ಕೂ ಜಾಸ್ತಿ ಜನ ಹೊಸದಾಗಿ ಕೆಲಸಕ್ಕೆ ಸೇರುತ್ತಿದ್ದರು. ಯಾರೋ ನಿವೃತ್ತರಾಗ್ತಾರೆ, ಯಾರೋ ಬಾಣಂತನಕ್ಕೆ ಹೋಗಿ ವಾಪಸ್ ಬರೋದಿಲ್ಲ, ಯಾರೋ ಊರು ಬಿಡ್ತಾರೆ, ಒಂದು ಕಂಪನಿ ಮುಚ್ಚುವಾಗ ಇನ್ನೊಂದಕ್ಕೆ ಆರ್ಡರ್ ಬರುತ್ತದೆ. ಪೇಪರಿನಲ್ಲಿ ಬರುವುದು ಹೋದವರ ಲೆಕ್ಕ. ಸೇರಿದವರ ಲೆಕ್ಕ ಯಾರೂ ದೊಡ್ಡ ಅಕ್ಷರದಲ್ಲಿ ಹಾಕುವುದಿಲ್ಲ.

ಹಾಗಾದ್ರೆ ನಿನ್ನಂಥ ಹೊಸಬರಿಗೇ ಯಾಕೆ ಇಷ್ಟು ಪೆಟ್ಟು? ಎಲ್ಲರೂ ಲೇಆಫ್ ಲೇಆಫ್ ಅಂತಾರೆ. 2025ರ ಜುಲೈನಲ್ಲಿ ಐಟಿ ಕಂಪನಿ ಟಿಸಿಎಸ್ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುತ್ತೇವೆ ಅಂದಾಗ ನಮ್ಮೂರಿನ ಚಹಾ ಅಂಗಡಿಯಲ್ಲೂ ಅದೇ ಮಾತು. ಅದು ಅವರ ಒಟ್ಟು ನೌಕರರಲ್ಲಿ ಶೇ 2. ನನ್ನ ಪ್ರಕಾರ ನಿನಗೆ ಅಡ್ಡ ಬಂದಿರುವುದು ಹೊರಗೆ ಬಿದ್ದ ಆ ಶೇ 2ಕ್ಕಿಂತ ಕುರ್ಚಿ ಬಿಡದೆ ಗಟ್ಟಿಯಾಗಿ ಹಿಡಿದು ಕೂತ ಉಳಿದವರು. ಇನ್ಫೋಸಿಸ್‌ನ ಲೆಕ್ಕ ನೋಡು, ಅವರೇ ಪ್ರಕಟಿಸಿದ್ದು: 2022ರ ಜೂನ್ ತ್ರೈಮಾಸಿಕದಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಶೇ 28.4 ಇತ್ತು, 2024ರ ಮಾರ್ಚಿಗೆ ಅದು ಶೇ 12.6ಕ್ಕೆ ಇಳಿಯಿತು. ಬಿಟ್ಟುಹೋದ ಆ ಕೆಲವರ ಜಾಗಕ್ಕೂ ಪೂರ್ತಿ ಜನರನ್ನು ತುಂಬಲಿಲ್ಲ, ಅದೇ ಆರ್ಥಿಕ ವರ್ಷದಲ್ಲಿ ಅವರ ಒಟ್ಟು ನೌಕರರ ಸಂಖ್ಯೆ ಸುಮಾರು 26,000 ಕಡಿಮೆಯಾಯಿತು. ಕುಮಟಾದಲ್ಲಿ ಹತ್ತಿ ಶಿರಸಿ ಬಸ್ಸಿನಲ್ಲಿ ನಿಂತುಕೊಂಡು ಹೋಗುವಾಗ ನಡುವೆ ಯಾರೂ ಇಳಿಯದಿದ್ದರೆ ಸೀಟು ಎಲ್ಲಿಂದ ಸಿಗಬೇಕು ಹೇಳು. ಕಾಲ ಕೆಟ್ಟಾಗ ಯಾರೂ ಧೈರ್ಯ ಮಾಡಿ ಕೆಲಸ ಬದಲಾಯಿಸುವುದಿಲ್ಲ, ಅದಕ್ಕೇ ಬಾಗಿಲಲ್ಲಿ ನಿಂತ ಹೊಸಬರಿಗೆ ಜಾಗ ಆಗುವುದಿಲ್ಲ. ಇದು ಗೊತ್ತಾದರೆ ಒಂದು ಸಮಾಧಾನ ಇದೆ: ನಿನ್ನನ್ನು ಯಾರೂ ಪರೀಕ್ಷೆ ಮಾಡಿ ಬೇಡ ಅಂದಿಲ್ಲ, ಬಹಳ ಕಡೆ ನಿನ್ನ ಅರ್ಜಿ ತೆರೆದೂ ನೋಡಿಲ್ಲ.

ಈಗ ನಮ್ಮ ಊರಿನದೇ ಒಂದು ವಿಷಯ ಬರೆಯುತ್ತೇನೆ. ನೀನು ಆಗ ಚಿಕ್ಕವಳು, ನೆನಪಿರಲಿಕ್ಕಿಲ್ಲ. ಬಳ್ಳಾರಿಯಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಕಬ್ಬಿಣದ ಅದಿರಿನ ಲಾರಿಗಳು ಬೇಲೇಕೇರಿಗೂ ಕಾರವಾರ ಬಂದರಿಗೂ ಬರುತ್ತಿದ್ದವು. ಹಗಲು ರಾತ್ರಿ ಸಾಲು. ರಸ್ತೆ ಬದಿಯ ಮನೆ, ಮರ ಎಲ್ಲಾ ಕೆಂಪು ಧೂಳು. ಆ ಲಾರಿಗಳನ್ನು ನಂಬಿ ಹೆದ್ದಾರಿ ಉದ್ದಕ್ಕೂ ಪಂಕ್ಚರ್ ಅಂಗಡಿ, ಗ್ಯಾರೇಜು, ಖಾನಾವಳಿ, ಟಾರ್ಪಾಲ್ ಹೊಲಿಯುವವರು, ಬೀಡಾ ಅಂಗಡಿಗಳು. ನಾನು ಆಗ ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದೆ, ಲಾರಿ ಸಾಲಕ್ಕೆ ಬಂದ ಹುಡುಗರ ಕಡತ ದಿನಾ ನನ್ನ ಮೇಜಿನ ಮೇಲೆ ಇರುತ್ತಿತ್ತು. 2010ರ ಜುಲೈನಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ಅಕ್ರಮ ಅಷ್ಟಿತ್ತು, ನಿಲ್ಲಿಸಿದ್ದು ಸರಿಯೇ. ಆದರೆ ಹೆದ್ದಾರಿಯಲ್ಲಿ ದುಡಿದು ತಿನ್ನುತ್ತಿದ್ದವರಿಗೆ ಅದು ನಿಜವಾದ ರಿಸೆಷನ್. ಒಂದೇ ಸಲಕ್ಕೆ ಎಲ್ಲರ ಕೆಲಸ ಹೋಯಿತು.

ಟಿಪ್ಪರ್ ಇದ್ದವರಲ್ಲಿ ಬಹಳ ಜನ ಕಾದರು. ಇಂದು ತೆರೆಯುತ್ತದೆ, ನಾಳೆ ತೆರೆಯುತ್ತದೆ ಅಂತ. ಕಂತು ಕಟ್ಟಲು ಹೆಂಡತಿಯ ಬಂಗಾರ ಅಡ ಇಟ್ಟರು, ಆಮೇಲೆ ಗಾಡಿಯೂ ಹೋಯಿತು, ಬಂಗಾರವೂ ಹೋಯಿತು. ಕೆಲವರು ಅದೇ ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋದರು, ಅಲ್ಲೂ ಗಣಿ ಇತ್ತಲ್ಲ. 2012ರಲ್ಲಿ ಗೋವಾದ ಗಣಿಯೂ ನಿಂತಿತು. ಎರಡು ವರ್ಷದಲ್ಲಿ ಎರಡು ಸಲ ಒಂದೇ ಪೆಟ್ಟು ತಿಂದರು ಪಾಪ.

ಒಬ್ಬ ಗ್ಯಾರೇಜ್ ಹುಡುಗನಿದ್ದ, ಲಾರಿ ಇಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಕೈ ಪಳಗಿತ್ತು. ಲಾರಿ ನಿಂತ ಮೇಲೆ ಒಂದೆರಡು ತಿಂಗಳು ಖಾಲಿ ಕೂತ. ಆಮೇಲೆ ಯಾರೋ ದೂರದ ಪರಿಚಯದವರು ಹೇಳಿದರು ಅಂತ ಕಾರವಾರದ ಬೈತಖೋಲ್ ಬಂದರಿಗೆ ಹೋದ. ಮೀನು ಹಿಡಿಯುವ ಟ್ರಾಲ್ ಬೋಟಿನ ಇಂಜಿನ್‌ಗಳಲ್ಲಿ ಬಹಳಷ್ಟು ಲಾರಿ ಕಂಪನಿಯವೇ, ನೀರಿನಲ್ಲಿ ಓಡಲು ತಕ್ಕಂತೆ ಸ್ವಲ್ಪ ಬದಲಾಯಿಸಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್ ಇರುತ್ತದಲ್ಲ, ಮೀನು ಹಿಡಿಯುವವರು ಮನೆಯಲ್ಲಿ ಕೂರುವ ಆ ಎರಡು ತಿಂಗಳೇ ಇಂಜಿನ್ ರಿಪೇರಿಯವರಿಗೆ ಸುಗ್ಗಿ. ಶುರುವಿಗೆ ಅವನಿಗೆ ಮೊದಲಿಗಿಂತ ಕಡಿಮೆ ಸಂಬಳ ಇತ್ತು, ಉಪ್ಪು ನೀರಿನಿಂದ ತುಕ್ಕು ಹಿಡಿದ ಬೋಲ್ಟ್ ಬಿಚ್ಚುವುದೇ ಹೊಸದಾಗಿ ಕಲಿಯಬೇಕಾಯಿತು ಅಂತ ಹೇಳುತ್ತಿದ್ದ. ಆದರೆ ಕೆಲಸ ಸಿಕ್ಕಿತು. ಕೇಳಿದರೆ ಅವನೂ ಹೇಳುತ್ತಿದ್ದ, ಅಂಕೋಲಾದಲ್ಲಿ ಲಾರಿ ಕೆಲಸ ಇಲ್ಲ ಅಂತ. ಅದು ನಿಜವೇ ಆಗಿತ್ತು. ಇಂಜಿನ್ ಕೆಲಸ ಇರಲಿಲ್ಲವಾ? ಇತ್ತು, ಮೂವತ್ತು ಚಿಲ್ಲರೆ ಕಿಲೋಮೀಟರ್ ಆಚೆ ಇತ್ತು.

ನೀನು "ಕೆಲಸವೇ ಇಲ್ಲ" ಅನ್ನುವಾಗ ನನಗೆ ಕೇಳಿಸುವುದು "ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳಲ್ಲಿ ಫ್ರೆಷರ್‌ಗೆ ಕೆಲಸ ಇಲ್ಲ" ಅಂತ. ನಿನಗೆ ಬರುವುದು ಏನು? ಜಾವಾದಲ್ಲಿ ಪ್ರೋಗ್ರಾಂ ಬರೆಯುವುದು, ಎಸ್‌ಕ್ಯೂಎಲ್‌ನಲ್ಲಿ ದತ್ತಾಂಶ ಹುಡುಕಿ ತೆಗೆಯುವುದು, ಸಾಫ್ಟ್‌ವೇರ್ ಟೆಸ್ಟಿಂಗ್. ಅದು ಬೇಕಾದ ಜಾಗ ಐಟಿ ಪಾರ್ಕ್ ಮಾತ್ರವಾ? ನಾನು ಬ್ಯಾಂಕಿನವನು, ನನಗೆ ಗೊತ್ತಿರುವುದು ಹೇಳುತ್ತೇನೆ. 2022ರ ಜೂನ್‌ನಲ್ಲಿ ಕೇಂದ್ರ ಸರಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು, ಅಂದರೆ ರೈತರಿಗೆ ಸಾಲ ಕೊಡುವ ಊರಿನ ಸಹಕಾರಿ ಸೊಸೈಟಿಗಳನ್ನು, ಕಂಪ್ಯೂಟರೀಕರಣ ಮಾಡಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ಜಿಲ್ಲೆ ಸಹಕಾರಿ ಸಂಘಗಳ ಜಿಲ್ಲೆ, ಶಿರಸಿ ಕಡೆ ಊರಿಗೊಂದು ಸೊಸೈಟಿ. ಹಳೆ ಲೆಜರ್‌ನಿಂದ ಹೊಸ ಸಾಫ್ಟ್‌ವೇರ್‌ಗೆ ಖಾತೆ ಸಾಗಿಸುವುದು, ತಾಳೆ ಆಗದ ಬಾಕಿ ಹುಡುಕುವುದು, ಕೌಂಟರಿನವರಿಗೆ ಕಲಿಸುವುದು, ಇದಕ್ಕೆಲ್ಲ ಕಂಪ್ಯೂಟರ್ ಬಲ್ಲ, ಕನ್ನಡ ಬಲ್ಲ, ಅಡಿಕೆ ವಿಕ್ರಿ ಪಟ್ಟಿ ನೋಡಿದರೆ ಅರ್ಥವಾಗುವ ಜನ ಬೇಕು. ಅಂಥವರು ಎಷ್ಟು ಜನ ಇದ್ದಾರೆ? ಹುಬ್ಬಳ್ಳಿ, ಮಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೆ ನೀನು ಅರ್ಜಿಯೇ ಹಾಕಿಲ್ಲ. ಆಸ್ಪತ್ರೆಗಳ ಬಿಲ್ಲಿಂಗ್ ವಿಭಾಗ, ಗೋವಾದ ವೆರ್ಣಾದಲ್ಲಿರುವ ಔಷಧ ಕಾರ್ಖಾನೆಗಳ ದತ್ತಾಂಶ ವಿಭಾಗ, ಇವೂ ಪಟ್ಟಿಯಲ್ಲಿ ಇರಲಿ. ಕೈಗಾ ಅಣುಸ್ಥಾವರದಲ್ಲಿ 5 ಮತ್ತು 6ನೇ ಘಟಕ ಕಟ್ಟುತ್ತಿದ್ದಾರೆ. ಅಲ್ಲಿ ಪದವೀಧರ ಅಪ್ರೆಂಟಿಸ್‌ಗಳನ್ನೂ ತೆಗೆದುಕೊಳ್ಳುತ್ತಾರೆ, ಅಧಿಸೂಚನೆ ನೋಡುತ್ತಾ ಇರು. 2019ರ ನಿಯಮದಲ್ಲಿ ಪದವೀಧರ ಅಪ್ರೆಂಟಿಸ್‌ಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಅಂತ ಇತ್ತು. ದೊಡ್ಡ ಮೊತ್ತ ಅಲ್ಲ, ಆದರೆ ರೆಸ್ಯೂಮೆಯಲ್ಲಿ ಒಂದು ವರ್ಷ ಖಾಲಿ ಇರುವುದಿಲ್ಲ.

ಆ ಖಾಲಿ ವರ್ಷದ ಬಗ್ಗೆ ನೀನು ಜಾಸ್ತಿ ಹೆದರಿದ್ದೀಯ ಅಂತ ನಿನ್ನ ಆಯಿ ಹೇಳಿದಳು. ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು, 2013ರಲ್ಲಿ ಪ್ರಕಟವಾಯಿತು. ಇಲ್ಲದ ವ್ಯಕ್ತಿಗಳ ಹೆಸರಲ್ಲಿ ಸುಮಾರು 12,000 ರೆಸ್ಯೂಮೆ ತಯಾರಿಸಿ 3,000 ಜಾಹೀರಾತಿಗೆ ಕಳಿಸಿದರು. ಓದು, ಅನುಭವ ಒಂದೇ ತರ, ಬೇರೆ ಇದ್ದದ್ದು ಎಷ್ಟು ತಿಂಗಳಿಂದ ಕೆಲಸ ಇಲ್ಲ ಅನ್ನುವುದು. ತಿಂಗಳು ಹೋದ ಹಾಗೆ ಕರೆ ಬರುವುದು ಕಡಿಮೆಯಾಯಿತು, ಮೊದಲ ಎಂಟು ತಿಂಗಳಲ್ಲೇ ಜಾಸ್ತಿ ಇಳಿಯಿತು. ಇದು ಓದಿ ಇನ್ನೂ ಹೆದರಬೇಡ, ಮುಂದಿನ ಸಾಲು ಓದು. ಕೆಲಸ ಕಡಿಮೆ ಇದ್ದ ಊರುಗಳಲ್ಲಿ ಈ ಗ್ಯಾಪ್ ಅಷ್ಟು ತೊಂದರೆ ಕೊಡಲಿಲ್ಲ, ಯಾಕಂದ್ರೆ ಅಲ್ಲಿ ಎಷ್ಟೋ ಒಳ್ಳೆಯವರೂ ಖಾಲಿ ಇದ್ದಾರೆ ಅಂತ ಕಂಪನಿಯವರಿಗೂ ಗೊತ್ತಿರುತ್ತದೆ. ಕೆಟ್ಟ ಕಾಲದಲ್ಲಿ ಗ್ಯಾಪ್ ಇದ್ದರೆ ಅದನ್ನು ನಿನ್ನ ಕಳಂಕ ಅಂತ ಎಲ್ಲರೂ ನೋಡುವುದಿಲ್ಲ. ಆದರೂ ಸುಮ್ನೆ ಕೂರಬೇಡ.

ಕಡಿಮೆ ಸಂಬಳದ ಕೆಲಸ ಒಪ್ಪಿಕೊಳ್ಳಬೇಕಾ ಅಂತ ಕೇಳಿದ್ದೆಯಲ್ಲ. ಒಪ್ಪಿಕೋ. ಕೆನಡಾದಲ್ಲಿ ಅರ್ಥಶಾಸ್ತ್ರಜ್ಞರು ಪದವೀಧರರ ಸಂಬಳವನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಲೆಕ್ಕ ಹಾಕಿದ್ದಾರೆ. ಹಿಂಜರಿತದ ವರ್ಷದಲ್ಲಿ ಪಾಸಾದವರು ಶುರುವಿಗೆ ಸುಮಾರು ಶೇ 9 ಕಡಿಮೆ ಸಂಬಳಕ್ಕೆ ಸೇರಿದ್ದರು, ಆ ಅಂತರ ಪೂರ್ತಿ ಹೋಗಲು ಹತ್ತು ವರ್ಷದ ಹತ್ತಿರ ಬೇಕಾಯಿತು. ಬೇಗ ಮೇಲೆ ಬಂದವರು ಹೇಗೆ ಬಂದರು ಗೊತ್ತಾ? ಮೊದಲ ಕಂಪನಿ ಬಿಟ್ಟು ಇನ್ನೂ ಒಳ್ಳೆಯ ಕಂಪನಿಗೆ ಹೋಗಿ. ಅದಕ್ಕೇ ಹೇಳುತ್ತೇನೆ, ಸಣ್ಣದಕ್ಕೆ ಸೇರು, ಮನಸ್ಸಿಟ್ಟು ಮಾಡು, ಆದರೆ "ಕಷ್ಟಕಾಲದಲ್ಲಿ ಅನ್ನ ಕೊಟ್ಟರು" ಅಂತ ಅಲ್ಲೇ ಬೇರು ಬಿಡಬೇಡ. ಕಾಲ ಸುಧಾರಿಸಿದ ಕೂಡಲೇ ಮತ್ತೆ ಹುಡುಕು. ನಮ್ಮ ಕಡೆಯ ಮಕ್ಕಳು ಇದರಲ್ಲಿ ಬಹಳ ಸಂಕೋಚದವರು, ನನಗೆ ಅದು ಬೇಸರ.

ಇನ್ನೊಂದು ಸಂಕೋಚ, ಕೇಳುವುದು. 1970ರ ದಶಕದ ಶುರುವಿನಲ್ಲಿ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ ಕೆಲಸ ಸಿಕ್ಕವರನ್ನೇ ಕೇಳಿ ನೋಡಿದ. ಅರ್ಧಕ್ಕಿಂತ ಹೆಚ್ಚು ಜನರಿಗೆ ಪರಿಚಯದವರ ಮೂಲಕ ಸಿಕ್ಕಿತ್ತು, ಅದರಲ್ಲೂ ಬಹುಪಾಲು ಯಾವಾಗಲಾದರೊಮ್ಮೆ ಭೇಟಿಯಾಗುವ ದೂರದ ಪರಿಚಯದವರು. ಹತ್ತಿರದ ಗೆಳತಿಯರಿಗೆ ಗೊತ್ತಿರುವುದು ನಿನಗೂ ಗೊತ್ತಿರುತ್ತದೆ. ಎರಡು ವರ್ಷ ಮುಂದಿದ್ದ ಸೀನಿಯರ್, ಹಾಸ್ಟೆಲಿನ ಹಳೆ ರೂಮ್‌ಮೇಟ್, ನಮ್ಮ ಕೇರಿಯಿಂದ ಮಂಗಳೂರಿಗೆ ಹೋದ ಹುಡುಗ, ಇವರಿಗೆ ಒಂದೊಂದು ಮೆಸೇಜು ಹಾಕು. "ಏನಾದ್ರೂ ಇದ್ರೆ ಹೇಳಿ" ಅಂತ ಹಾಕಬೇಡ, ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. "ನಿಮ್ಮಲ್ಲಿ ಟೆಸ್ಟಿಂಗ್ ವಿಭಾಗ ಇದೆಯಾ, ಯಾರನ್ನು ಕೇಳಬೇಕು" ಅಂತ ಹಾಕು.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರು. ಕೆಲಸ ಕೊಡಿಸಲು ದುಡ್ಡು ಕೇಳಿದರೆ, ಟ್ರೈನಿಂಗ್ ಡೆಪಾಸಿಟ್ ಅಂದರೆ, ಮೂಲ ಅಂಕಪಟ್ಟಿ ನಮ್ಮಲ್ಲೇ ಇರಲಿ ಅಂದರೆ, ಎದ್ದು ಬಾ. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ, ಊಟ ವಸತಿ ಉಚಿತ ಅಂತ ಕರೆದುಕೊಂಡು ಹೋಗಿ ಮ್ಯಾನ್ಮಾರ್ ಗಡಿಯಲ್ಲಿ ಸೈಬರ್ ವಂಚನೆಗೆ ದುಡಿಸುತ್ತಿದ್ದ ನಮ್ಮ ದೇಶದ ಯುವಕರನ್ನು 2025ರಲ್ಲಿ ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ಕೆಲಸ ಕಡಿಮೆ ಇರುವ ಕಾಲದಲ್ಲೇ ಇಂಥವರ ವ್ಯಾಪಾರ ಜೋರು.

ರಾಜ್ಯ ಸರಕಾರದ ಯುವನಿಧಿ ಯೋಜನೆಗೆ ಅರ್ಜಿ ಹಾಕಿದೆಯಾ? ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕಿದರೆ ನಿಲ್ಲುತ್ತದೆ, ಮುಂದೆ ಓದಲು ಸೇರಿದರೂ ಸಿಗುವುದಿಲ್ಲ. "ಸರಕಾರದ ದುಡ್ಡು ಯಾಕೆ" ಅಂತ ನಿನ್ನ ಅಪ್ಪ ಅಂದರೆ ನನ್ನ ಹೆಸರು ಹೇಳು. ಇದು ಇಂಥ ಹೊತ್ತಿಗೇ ಇರುವುದು.

ಮುಂದಿನ ತಿಂಗಳ ಮದುವೆಗೆ ಬರುವುದಿಲ್ಲ ಅಂದೆಯಂತೆ, ಎಲ್ಲರೂ "ಎಲ್ಲಿ ಕೆಲಸ" ಅಂತ ಕೇಳುತ್ತಾರೆ ಅಂತ. ಬಾ ಕೂಸೆ. ಕೇಳಿದವರಿಗೆ "ಹುಡುಕುತ್ತಿದ್ದೇನೆ, ನಿಮ್ಮ ಕಡೆ ಗೊತ್ತಿದ್ದರೆ ಹೇಳಿ" ಅನ್ನು. ಅಷ್ಟು ದೂರದ ಪರಿಚಯದವರು ಒಂದೇ ಕಡೆ ಇನ್ನೆಲ್ಲಿ ಸಿಗುತ್ತಾರೆ?

ಈ ಎರಡು ತಿಂಗಳ ಪಿಜಿ ಬಾಡಿಗೆ ನಾನು ಹಾಕುತ್ತೇನೆ, ನಿನ್ನ ಖಾತೆ ನಂಬರ್ ದೊಡ್ಡಮ್ಮನ ವಾಟ್ಸಾಪಿಗೆ ಕಳಿಸು. ಜೊತೆಗೆ ರೆಸ್ಯೂಮೆಯನ್ನೂ ಕಳಿಸು, ನನ್ನ ಹಳೆಯ ಸಹೋದ್ಯೋಗಿ ಒಬ್ಬರು ಈಗ ಶಿರಸಿಯಲ್ಲಿ ಸೊಸೈಟಿಗಳ ಲೆಕ್ಕಪರಿಶೋಧನೆ ನೋಡುತ್ತಾರೆ. ಸೋಮವಾರ ಅವರ ಹತ್ತಿರ ಮಾತಾಡಿ, ಯಾವ ಸಂಘದಲ್ಲಿ ಜನ ಬೇಕಾಗಿದೆ ಅಂತ ಕೇಳಿ ಸಂಜೆ ನಿನಗೆ ಫೋನ್ ಮಾಡುತ್ತೇನೆ. ಆಗ ಅರ್ಧಕ್ಕೇ ಇಡಬೇಡ.

ಇಂತಿ,
ನಿನ್ನ ದೊಡ್ಡಪ್ಪ