ತಗಡು ಹೊದಿಸಿಕೊಟ್ಟ ಅಣ್ಣನಿಗೆ

ಮೇ ತಿಂಗಳ ಆ ಸಂಜೆಯ ಬಿರುಗಾಳಿಗೆ ದಾವಣಗೆರೆಯ ನಮ್ಮ ಬೆಣ್ಣೆ ದೋಸೆ ಹೋಟೆಲಿನ ತಗಡುಗಳು ಹಾರಿಹೋದವು. ಅಪ್ಪ ಕಟ್ಟಿದ ಸೌದೆ ಒಲೆಯೊಳಗೆ ಮಳೆನೀರು. ನನಗೆ ಕೈಕಾಲೇ ಆಡಲಿಲ್ಲ.

ದಾರಿಯಲ್ಲಿ ಹೋಗುತ್ತಿದ್ದ ನೀವು ಸೈಕಲ್ ನಿಲ್ಲಿಸಿ, ಏನನ್ನೂ ಕೇಳದೆ ಚರಂಡಿಗೆ ಬಿದ್ದಿದ್ದ ತಗಡುಗಳನ್ನು ಎತ್ತಿ ತಂದಿರಿ. ಮರುದಿನ ಸುತ್ತಿಗೆ ಹಿಡಿದು ಬಂದು ಸೊಟ್ಟಗಾದವನ್ನು ಬಡಿದು ನೇರ ಮಾಡಿದಿರಿ. "ಗಾಳಿ ಅಂಚಿನಿಂದಲೇ ಎತ್ತುತ್ತದಮ್ಮ, ಅಲ್ಲಿ ಬೋಲ್ಟು ಹತ್ತಿರ ಹತ್ತಿರ ಇರಬೇಕು" ಎನ್ನುತ್ತಾ, ಪ್ರತಿ ಬೋಲ್ಟಿನ ಕೆಳಗೂ ಹಳೆಯ ಟ್ಯೂಬಿನ ರಬ್ಬರ್ ಕತ್ತರಿಸಿ ಇಟ್ಟಿರಿ. ಕೆಳಗಿಳಿದವರು ತುಕ್ಕು ಹಿಡಿಯುತ್ತಿದ್ದ ಕಾವಲಿಯನ್ನು ಒರೆಸಿ ಎಣ್ಣೆ ಸವರಿದಾಗ ನನ್ನ ಕಣ್ಣು ತುಂಬಿತು. ಕೂಲಿ ಬೇಡವೆಂದಿರಿ, ಹೆಸರನ್ನೂ ಹೇಳಲಿಲ್ಲ.

ಈಗ ಒಲೆ ಹೊತ್ತಿದೆ. ಮಳೆ ಬಂದರೂ ಒಂದು ಹನಿ ಸೋರುತ್ತಿಲ್ಲ. ಇತ್ತ ಬನ್ನಿ ಅಣ್ಣ, ಬಿಸಿ ದೋಸೆ ಹಾಕಿಕೊಡುತ್ತೇನೆ.